ಭುಜದ ಹತ್ತಿರ ತೋಳಿನ ಮೂಳೆ ಮುರಿದರೆ ಪ್ಲೇಟ್ ಹಾಕಿಸಲೇಬೇಕೇ?

ಪ್ರಶ್ನೆ: ಅಮ್ಮನಿಗೆ 74 ವರ್ಷ. ಜಾರಿ ಬಿದ್ದು ಬಲತೋಳಿನ ಮೂಳೆ ಭುಜದ ಹತ್ತಿರವೇ ಮುರಿದಿದೆ. ಮೂಳೆ ಸರಿದಿರುವುದು ಎಕ್ಸ್‌ರೇಯಲ್ಲಿ ನಮ್ಮ ಕಣ್ಣಿಗೇ ಕಾಣುತ್ತದೆ. ಆದರೂ ಡಾಕ್ಟರು ಬರೀ ಸ್ಲಿಂಗ್ (ಕೈಯನ್ನು ಕತ್ತಿಗೆ ತೂಗುಹಾಕುವ ಪಟ್ಟಿ) ಹಾಕಿ ಕಳಿಸಿದ್ದಾರೆ. ಆಪರೇಷನ್ ಮಾಡಿಸದಿದ್ದರೆ ಕೈ ಕೆಲಸಕ್ಕೆ ಬಾರದೆ ಹೋಗುವುದಿಲ್ಲವೇ?

ಹೋಗುವುದಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇರುತ್ತದೆ. ಒಮ್ಮೆ ಅಮ್ಮ, ಒಮ್ಮೆ ಅಜ್ಜ. ಒಮ್ಮೆ ಎಡಗೈ, ಒಮ್ಮೆ ಬಲಗೈ. ಆತಂಕ ಮಾತ್ರ ಅದೇ: ಮೂಳೆಯನ್ನು ಮೊದಲಿದ್ದ ಹಾಗೇ ಕೂರಿಸದಿದ್ದರೆ ಕೈ ಹಾಳಾಯಿತು ಅಂತ. ಇವತ್ತು ಈ ನಂಬಿಕೆಯನ್ನು ಬುಡಸಮೇತ ಕೀಳೋಣ.

ಮುಂಗೈಯ ಎರಡು ಮೂಳೆಗಳ ವಿಷಯದಲ್ಲಿ ಆ ಮಾತು ನಿಜ. ಅಲ್ಲಿ ಸ್ವಲ್ಪ ಬಾಗಿ ಕೂಡಿಕೊಂಡರೂ ಅಂಗೈ ತಿರುಗಿಸುವುದು ಕಷ್ಟವಾಗುತ್ತದೆ. ಭುಜದ ಲೆಕ್ಕವೇ ಬೇರೆ. ದೇಹದಲ್ಲಿ ಇದಕ್ಕಿಂತ ಹೆಚ್ಚು ದಿಕ್ಕಿಗೆ ಆಡುವ ಕೀಲು ಇನ್ನೊಂದಿಲ್ಲ. ನೀವು ತೋಳನ್ನು ಮೇಲೆತ್ತುವಾಗ ಸುಮಾರು ಮೂರನೇ ಒಂದು ಪಾಲು ಚಲನೆ ಬೆನ್ನಿನ ಮೇಲೆ ಜಾರುವ ಹೆಗಲ ಮೂಳೆಯಿಂದ ಬರುತ್ತದೆ. ಹಾಗಾಗಿ ಮುರಿದ ತುದಿ ಸ್ವಲ್ಪ ಓರೆಯಾಗಿ ಕೂಡಿಕೊಂಡರೂ ಆ ಕೊರತೆಯನ್ನು ತುಂಬಿಕೊಳ್ಳಲು ಭುಜಕ್ಕೆ ಜಾಗವಿದೆ. ಕಾಲಿನ ಕೀಲುಗಳಂತೆ ಮೈಭಾರ ಹೊರುವ ಕೆಲಸವೂ ಅದಕ್ಕಿಲ್ಲ. ಇಲ್ಲಿ ಮೂಳೆ ಕೂಡಿಕೊಳ್ಳದೇ ಉಳಿಯುವುದು ಅಪರೂಪ.

ಇದು ನನ್ನೊಬ್ಬನ ಅಭಿಪ್ರಾಯವೂ ಅಲ್ಲ. ಬ್ರಿಟನ್ನಿನಲ್ಲಿ ಹೀಗೆಯೇ ಮೂಳೆ ಸರಿದಿದ್ದ 250 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಸ್ಲಿಂಗ್ ಎಂದು ನಿಗದಿ ಮಾಡಿದರು. ಪ್ರಾಫರ್ ಎಂಬ ಆ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಎರಡು ವರ್ಷದ ನಂತರ ನೋವಿನಲ್ಲಾಗಲಿ, ಕೈಯ ಬಳಕೆಯಲ್ಲಾಗಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಐದು ವರ್ಷದ ಹೊತ್ತಿಗೆ ನೋಡಿದಾಗಲೂ ಅದೇ ಕಥೆ. ಗಮನಿಸಿ, ಇವರೆಲ್ಲ ಮೂಳೆ ಸರಿದಿದ್ದವರೇ.

ಪ್ಲೇಟ್ ಹಾಕಿದರೆ ನಷ್ಟವೇನು ಎನ್ನುತ್ತೀರಿ. ವಯಸ್ಸಾದವರ ಮೂಳೆಯ ಒಳಗು ಟೊಳ್ಳಾಗಿರುತ್ತದೆ. ಗೆದ್ದಲು ತಿಂದ ಹಲಗೆಗೆ ಸ್ಕ್ರೂ ತಿರುಗಿಸಿದರೆ ಹಿಡಿತ ಎಷ್ಟು ಸಿಕ್ಕೀತು? ತೋಳಿನ ಮೂಳೆಯ ಮೇಲ್ತುದಿಯಲ್ಲಿರುವ ಚೆಂಡಿನಂಥ ಗುಂಡು ಕುಸಿದು ಸ್ಕ್ರೂ ತುದಿ ಕೀಲಿನೊಳಗೆ ಚುಚ್ಚಿ, ಮತ್ತೆ ಆಪರೇಷನ್ ಮಾಡಿಸಿಕೊಂಡವರಿದ್ದಾರೆ. ಸೋಂಕಿನ ಅಪಾಯ ಬೇರೆ.

ಆಪರೇಷನ್ ಬೇಕೇ ಬೇಕಾದ ಸಂದರ್ಭಗಳೂ ಇವೆ. ಆ ಗುಂಡು ಹೆಗಲ ಮೂಳೆಯಲ್ಲಿ ತಾನು ಕೂರುವ ಗುಳಿಯಿಂದ ಹೊರಬಿದ್ದಿದ್ದರೆ, ಗುಂಡೇ ಸೀಳಿದ್ದರೆ, ಮೂಳೆ ಚರ್ಮ ಹರಿದು ಬಂದಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಸ್ಲಿಂಗ್ ಸಾಲದು. ತೀರಾ ಚೂರಾದ ಮುರಿತಕ್ಕೆ ಕೆಲವು ಹಿರಿಯರಲ್ಲಿ ಗುಂಡು ಮತ್ತು ಗುಳಿಯ ಜಾಗ ಅದಲುಬದಲು ಮಾಡುವ ‘ರಿವರ್ಸ್’ ಕೃತಕ ಕೀಲು ಒಳ್ಳೆಯ ಆಯ್ಕೆ. ನಿಮ್ಮ ಡಾಕ್ಟರು ಇದನ್ನೆಲ್ಲ ನೋಡಿಯೇ ಸ್ಲಿಂಗ್ ಹಾಕಿರುತ್ತಾರೆ. ಅನುಮಾನವಿದ್ದರೆ ನೇರವಾಗಿ ಕೇಳಿ.

ನನಗೆ ನಿಜವಾಗಿ ಭಯವಿರುವುದು ಸ್ಲಿಂಗನ್ನು ತೆಗೆಯದೇ ಕೂರುವವರ ಬಗ್ಗೆ. ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡುತ್ತಿರಬೇಕು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ, ಡಾಕ್ಟರು ಒಪ್ಪಿದ ಮೇಲೆ, ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ಮೆಲ್ಲಗೆ ತೂಗುವ ವ್ಯಾಯಾಮ ಶುರುವಾಗುತ್ತದೆ. ನೋವಿಗೆ ಹೆದರಿ ಆರು ವಾರ ಕೈ ಕಟ್ಟಿಕೊಂಡು ಕೂತರೆ ಮೂಳೆ ಕೂಡಿಕೊಂಡಿರುತ್ತದೆ, ಭುಜ ಬಿಗಿದುಹೋಗಿರುತ್ತದೆ. ಮೊದಲ ದಿನಗಳಲ್ಲಿ ದಿಂಬು ಒರಗಿ ಅರೆಕೂತು ಮಲಗಿದರೆ ನೋವು ಕಡಿಮೆ. ನೀಲಿಗಟ್ಟಿದ್ದು ಮೊಣಕೈವರೆಗೂ ಎದೆಯವರೆಗೂ ಇಳಿದರೆ ಗಾಬರಿ ಬೇಡ, ಒಳಗೆ ಸೋರಿದ ರಕ್ತ ಕೆಳಗಿಳಿಯುತ್ತಿದೆ ಅಷ್ಟೇ. ಆದರೆ ಕೈ ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ಎತ್ತಲಾಗದಿದ್ದರೆ ಆಗಲೇ ಆಸ್ಪತ್ರೆಗೆ ಹೊರಡಿ. ಪೂರ್ತಿ ಚೇತರಿಕೆಗೆ ಒಂದು ವರ್ಷ ಹಿಡಿಯಬಹುದು. ಊಟ, ಉಡುಪು, ತಲೆ ಬಾಚುವುದಕ್ಕೆ ಹೆಚ್ಚಿನವರ ಕೈ ಒದಗುತ್ತದೆ. ತಲೆಯ ಮೇಲಕ್ಕೆ ಪೂರ್ತಿ ಎತ್ತುವುದು ಸ್ವಲ್ಪ ಕಡಿಮೆಯೇ ಉಳಿಯಬಹುದು.

ಇನ್ನು ನೀವು ಕೇಳದೇ ಬಿಟ್ಟ ಪ್ರಶ್ನೆ. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಇಷ್ಟು ದಪ್ಪ ಮೂಳೆ ಮುರಿದದ್ದೇಕೆ? ಹೆಚ್ಚಾಗಿ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಇಂಥವರಿಗೆ ಮುಂದೆ ಸೊಂಟದ ಮೂಳೆ ಮುರಿಯುವ ಸಾಧ್ಯತೆ ಹೆಚ್ಚು, ಅದರಲ್ಲೂ ಮೊದಲ ವರ್ಷದಲ್ಲಿ. ಸೊಂಟ ಮುರಿದರೆ ಸ್ಲಿಂಗಿನಲ್ಲಿ ಮುಗಿಯುವುದಿಲ್ಲ. ಮುಂದಿನ ಭೇಟಿಯಲ್ಲಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ, ಮೂಳೆ ಗಟ್ಟಿಮಾಡುವ ಔಷಧ, ಈ ಮೂರರ ಬಗ್ಗೆಯೂ ಕೇಳಿ. ಅಮ್ಮ ದಿನಾ ನುಂಗುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ನಿದ್ದೆ ಮಾತ್ರೆಯೋ ಬಿಪಿ ಮಾತ್ರೆಯೋ ತಲೆಸುತ್ತು ತರಿಸಿ ಅವರನ್ನು ಬೀಳಿಸಿತೇ ಎಂಬುದನ್ನು ಡಾಕ್ಟರು ಆಗಲೇ ನೋಡಿಬಿಡಬಹುದು.