ನೆರಳಿನ ನಡುವೆ ಬೆಳಕಿನ ಚುಕ್ಕೆ

ಅಡುಗೆಮನೆಯಿಂದ ಅಮ್ಮ ಕೂಗಿದರೆ ಜಗಲಿಯಲ್ಲಿ ಕೂತವರಿಗೆ ಕೇಳುತ್ತದೆ, ಆದರೆ ಅಮ್ಮ ಕಾಣುವುದಿಲ್ಲ. ನ್ಯೂಟನ್ ಹಿಡಿದದ್ದೂ ಇದೇ ಎಳೆಯನ್ನು: ಗುಡ್ಡದಾಚೆಯ ಗಂಟೆ ಕಿವಿಗೆ ಬೀಳುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಅಂದಮೇಲೆ ಬೆಳಕು ಅಲೆಯಲ್ಲ. ಆದರೆ ಬೆಳಕೂ ಅಂಚಿನಲ್ಲಿ ತುಸು ಬಾಗುತ್ತದೆ ಎನ್ನುವ ಸುಳಿವು ಆಗಲೇ ಇತ್ತು: ನೆರಳಿನ ಅಂಚಿನಲ್ಲಿ ಬಣ್ಣದ ಪಟ್ಟೆಗಳಿರುವುದನ್ನು ಇಟಲಿಯ ಪಾದ್ರಿ ಗ್ರಿಮಾಲ್ಡಿ ಮೊದಲೇ ಬರೆದಿಟ್ಟಿದ್ದರು. 1665ರಲ್ಲಿ ಆ ಪುಸ್ತಕ ಅಚ್ಚಾಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಸದ್ದಿಗೂ ಬೆಳಕಿಗೂ ವ್ಯತ್ಯಾಸವಿದ್ದದ್ದು ಅಲೆಯ ಅಳತೆಯಲ್ಲಿ. ನಮ್ಮ ಮಾತಿನ ತರಂಗದೂರ (ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ) ಸುಮಾರು ಒಂದು ಮೀಟರ್, ಹೆಚ್ಚುಕಡಿಮೆ ಬಾಗಿಲಿನಗಲ. ಹಾಗಾಗಿ ಅದು ಬಾಗಿಲು ದಾಟಿದ ಕೂಡಲೇ ಹರಡಿಕೊಳ್ಳುತ್ತದೆ. ಬೆಳಕಿನದ್ದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಅದಕ್ಕೆ ತಕ್ಕ ಕಿಂಡಿ ಬೇಕು. ಎರಡು ಬೆರಳುಗಳನ್ನು ಕೂದಲೆಳೆಯಷ್ಟು ಸಂದು ಬಿಟ್ಟು ಕಣ್ಣಿನ ಹತ್ತಿರ ಹಿಡಿದು ಆಕಾಶ ನೋಡಿ (ಸೂರ್ಯನನ್ನಲ್ಲ): ಸಂದಿನಲ್ಲಿ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಕಿಂಡಿ ದಾಟಿದ ಅಲೆ ಹೀಗೆ ಬಾಗಿ ಹರಡುವುದೇ ವಿವರ್ತನೆ.

1803ರಲ್ಲಿ ಲಂಡನ್ನಿನ ಥಾಮಸ್ ಯಂಗ್ ಒಂದು ಇಂಚಿನ ಮೂವತ್ತನೇ ಒಂದರಷ್ಟು ಅಗಲದ ಕಾರ್ಡಿನ ಪಟ್ಟಿಯನ್ನು ಬಿಸಿಲಕೋಲಿಗೆ ಅಡ್ಡ ಹಿಡಿದರು. ಪಟ್ಟಿಯ ನೆರಳಿನೊಳಗೇ ಗೆರೆಗಳು ಮೂಡಿದವು. ಒಂದು ಪಕ್ಕದ ಬೆಳಕನ್ನು ಮರೆಮಾಡಿದರೆ ಗೆರೆಗಳೆಲ್ಲ ಮಾಯ! ಎರಡು ಕಡೆಯ ಬೆಳಕು ಕೂಡಿದಾಗ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿದಲ್ಲಿ ಕತ್ತಲೆ. ಬೆಳಕಿಗೆ ಬೆಳಕು ಸೇರಿ ಕತ್ತಲಾಗುವ ಈ ವ್ಯತಿಕರಣದಷ್ಟು ಬೆರಗಿನ ಸಂಗತಿ ಭೌತಶಾಸ್ತ್ರದಲ್ಲಿ ನನಗೆ ಬೇರೆ ಕಂಡಿಲ್ಲ.

ಆದರೂ ಬೆಳಕು ಅಲೆಯೆಂಬುದನ್ನು ಹೆಚ್ಚಿನವರು ಒಪ್ಪಲಿಲ್ಲ. 1818ರಲ್ಲಿ ಫ್ರಾನ್ಸಿನ ಎಂಜಿನಿಯರ್ ಫ್ರೆನೆಲ್ ಪ್ಯಾರಿಸ್ ಅಕಾಡೆಮಿಯ ಸ್ಪರ್ಧೆಗೆ ಅಲೆಗಳ ಲೆಕ್ಕ ಕಳಿಸಿದರು. ತೀರ್ಪುಗಾರರಲ್ಲೊಬ್ಬರಾದ ಪಾಯ್ಸನ್ ಅದನ್ನೇ ಮುಂದುವರಿಸಿ, ಇದು ನಿಜವಾದರೆ ದುಂಡನೆ ತಟ್ಟೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಇರಬೇಕು ಎಂದು ತೋರಿಸಿದರು. ಅಸಂಭವವೆಂಬುದು ಅವರ ಎಣಿಕೆ. ಇನ್ನೊಬ್ಬ ತೀರ್ಪುಗಾರ ಅರಾಗೊ ಎರಡು ಮಿಲಿಮೀಟರಿನ ತಟ್ಟೆ ಇಟ್ಟು ನೋಡಿದರು. ಚುಕ್ಕೆ ಇತ್ತು. 1819ರ ಬಹುಮಾನ ಫ್ರೆನೆಲ್‌ಗೆ ಹೋಯಿತು.

ನ್ಯೂಟನ್ ಬೇರೆ ಬೇರೆ ಇಟ್ಟಿದ್ದ ಸದ್ದು, ಬೆಳಕು ಎರಡೂ 1932ರಲ್ಲಿ ಒಂದೇ ಪಾತ್ರೆಯಲ್ಲಿ ಸೇರಿದವು. ಸೆಕೆಂಡಿಗೆ ದಶಲಕ್ಷಗಟ್ಟಲೆ ಸಲ ಕಂಪಿಸುವ , ಕಿವಿಗೆ ಕೇಳದ ಶ್ರವಣಾತೀತ ಸದ್ದಿನ ಅಲೆ ದ್ರವದೊಳಗೆ ಹಾಯುವಾಗ ಅಡ್ಡಬಂದ ಬೆಳಕು ಸಾಲುಸಾಲು ಕಿರಣಗಳಾಗಿ ಒಡೆಯುವುದನ್ನು ಅಮೆರಿಕದಲ್ಲೂ ಫ್ರಾನ್ಸಿನಲ್ಲೂ ಕಂಡರು. ಅಷ್ಟೊಂದು ಕಿರಣಗಳು ಏಕೆ? 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ ಇದನ್ನು ಬಿಡಿಸಿದರು. ದ್ರವ ಒತ್ತಾದಲ್ಲಿ ಬೆಳಕು ತುಸು ತಡ, ತೆಳುವಾದಲ್ಲಿ ತುಸು ಬೇಗ. ಹೀಗೆ ಸಪಾಟಾಗಿ ಒಳಹೊಕ್ಕ ಅಲೆಮುಖ ಸುಕ್ಕುಗಟ್ಟಿ ಹೊರಬರುತ್ತದೆ, ಆ ಸುಕ್ಕೇ ಅದನ್ನು ಹಲವು ದಿಕ್ಕಿಗೆ ಹಂಚುತ್ತದೆ. ಸದ್ದು ಜೋರಾದಷ್ಟೂ ಪಕ್ಕದ ಚುಕ್ಕೆಗಳು ಹೆಚ್ಚುತ್ತವೆ. ಸದ್ದು ನಿಲ್ಲಿಸಿದರೆ ಪರದೆಯ ಮೇಲೆ ನಡುವಿನದೊಂದೇ ಉಳಿಯುತ್ತದೆ.