ಕಾಂಪೋಸ್ಟಬಲ್ ಕವರ್ ನಮ್ಮ ಗೊಬ್ಬರದ ಮಡಕೆಯಲ್ಲಿ ಯಾಕೆ ಕರಗಲಿಲ್ಲ?

ಓದುಗರ ಪ್ರಶ್ನೆ: ತರಕಾರಿ ಅಂಗಡಿಯವರು ಕೊಟ್ಟ ಕವರ್ ಮೇಲೆ ಕಾಂಪೋಸ್ಟಬಲ್ ಅಂತ ಬರೆದಿತ್ತು. ಬಾಲ್ಕನಿಯ ಗೊಬ್ಬರದ ಮಡಕೆಗೆ ಹಾಕಿ ಆರು ತಿಂಗಳಾಯಿತು. ಸಿಪ್ಪೆಯೆಲ್ಲ ಗೊಬ್ಬರವಾಗಿದೆ, ಕವರ್ ಮಾತ್ರ ಹಾಗೇ ಇದೆ. ನನಗೆ ಮೋಸ ಆಯ್ತಾ?

ಮೋಸವೇ ಆಗಿದೆ ಅಂತ ಹೇಳಲಾಗದು. ಕವರ್ ಅಸಲಿಯೇ ಇರಬಹುದು. ಅದು ಕರಗಲು ಬೇಕಾದಷ್ಟು ಬಿಸಿ ನಿಮ್ಮ ಮಡಕೆಯಲ್ಲಿಲ್ಲ, ಅಷ್ಟೇ.

ನಮ್ಮ ದೇಶದಲ್ಲಿ ಇಂಥ ಕವರ್ ಐಎಸ್/ಐಎಸ್ಒ 17088 ಅನ್ನೋ ಮಾನದಂಡದಲ್ಲಿ ಪಾಸಾಗಬೇಕು. ಆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ. ತೇವ, ಗಾಳಿ ಎರಡೂ ಹದವಾಗಿರಬೇಕು. 12 ವಾರ ಆದ ಮೇಲೆ 2 ಮಿಲಿಮೀಟರ್ ಜರಡಿ ಹಿಡಿದರೆ ಶೇ 10ಕ್ಕಿಂತ ಜಾಸ್ತಿ ಮೇಲೆ ಉಳಿಯಬಾರದು. ದೊಡ್ಡ ಗೊಬ್ಬರದ ಘಟಕದಲ್ಲಿ ಆಳೆತ್ತರದ ರಾಶಿ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಮನೆಯ ಮಡಕೆ ಚಿಕ್ಕದು. ಹುಟ್ಟಿದ ಬಿಸಿ ಸುತ್ತಲಿನ ಗಾಳಿಗೆ ಹೋಗಿಬಿಡುತ್ತದೆ.

ಬಿಸಿ ಯಾಕೆ ಬೇಕು? ಈ ಕವರ್‌ಗಳಲ್ಲಿ ಹೆಚ್ಚಾಗಿ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಇರುತ್ತದೆ. ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗು ಬರಿಸಿ ಮಾಡಿದ್ದು. ಅದರ ಉದ್ದನೆಯ ಸರಪಳಿಗಳು ಮೊದಲು ನೀರಿನಿಂದ ತುಂಡಾಗಬೇಕು. ಆಮೇಲೆ ಸೂಕ್ಷ್ಮಜೀವಿಗಳು ತಿನ್ನುತ್ತವೆ. 60 ಡಿಗ್ರಿ ಹತ್ತಿರ ಸರಪಳಿ ಸಡಿಲವಾಗಿ ನೀರು ಒಳಗೆ ನುಗ್ಗುತ್ತದೆ. ನಮ್ಮ ಮನೆಯ ತಂಪಿನಲ್ಲಿ ಅದು ಬಿಗಿಯಾಗೇ ಇರುತ್ತದೆ.

ಇಲ್ಲಿ ಇನ್ನೊಂದು ಗೊಂದಲ ಇದೆ. ಗಿಡದಿಂದ ಬಂದದ್ದೆಲ್ಲ ಕರಗುತ್ತದೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಬ್ರೆಜಿಲ್‌ನಲ್ಲಿ ಕಬ್ಬಿನಿಂದ ಪಾಲಿಥೀನ್ ಮಾಡುತ್ತಾರೆ. ಅದು ಮಾಮೂಲಿ ಪಾಲಿಥೀನ್ ಹಾಗೆಯೇ, ಕರಗುವುದಿಲ್ಲ. ಕಾಂಪೋಸ್ಟಬಲ್ ಕವರ್‌ಗೆ ಬೆರೆಸುವ ಪಿಬಿಎಟಿ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬಂದದ್ದು, ಆದರೂ ಕರಗುತ್ತದೆ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಕವರ್‌ಗಳನ್ನು ಮಣ್ಣಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ ನೋಡಿದ್ದರು. ಫಲಿತಾಂಶ ಬಂದದ್ದು 2019ರಲ್ಲಿ. ಬಯೋಡಿಗ್ರೇಡಬಲ್ ಅಂತ ಹೆಸರಿದ್ದ ಕವರ್ ಮೂರು ವರ್ಷ ಆದ ಮೇಲೂ ಸಾಮಾನು ತುಂಬಿದರೆ ಹರಿಯಲಿಲ್ಲ! ಕಾಂಪೋಸ್ಟಬಲ್ ಕವರ್ ಸಮುದ್ರದಲ್ಲಿ ಮೂರು ತಿಂಗಳೊಳಗೆ ಕಾಣೆಯಾಯಿತು. ಮಣ್ಣಲ್ಲಿದ್ದದ್ದು 27 ತಿಂಗಳಾದರೂ ಇತ್ತು, ಭಾರ ಹೊರುವ ಶಕ್ತಿ ಮಾತ್ರ ಹೋಗಿತ್ತು. ಅದೇ ಕವರ್, ಜಾಗ ಬೇರೆ, ಕಥೆಯೂ ಬೇರೆ.

ಹಾಗಾಗಿ ನನಗೆ ಚಿಂತೆ ಕವರಿನದಲ್ಲ, ಅದು ಹೋಗಿ ಸೇರುವ ಜಾಗದ್ದು. ಬೆಂಗಳೂರಿನ ಹಸಿ ಕಸದಲ್ಲಿ ಕವರ್ ಕಂಡರೆ ಅದು ಯಾವ ಬಗೆಯದು ಅಂತ ಕಸ ಬೇರ್ಪಡಿಸುವವರಿಗೆ ಹೇಗೆ ಗೊತ್ತಾಗಬೇಕು? ಕೈಯಲ್ಲಿ ಹಿಡಿದರೆ ಎಲ್ಲ ಒಂದೇ ಥರ. ಒಣ ಕಸಕ್ಕೆ ಹಾಕಿದರೆ ಮರುಬಳಕೆಗೆ ಹೋಗುವ ಪ್ಲಾಸ್ಟಿಕ್ ಜೊತೆ ಸೇರಿ ಅದನ್ನೂ ಕೆಡಿಸುತ್ತದೆ. ಎರಡೂ ಕಡೆ ಬೇಡವಾದದ್ದು ಕೊನೆಗೆ ಊರಾಚೆಯ ಕಸದ ಗುಡ್ಡಕ್ಕೆ. ಮಂಡೂರಿನ ಜನ ಅಂಥ ಗುಡ್ಡದ ಪಕ್ಕ ವರ್ಷಗಟ್ಟಲೆ ನಾತ ಸಹಿಸಿಕೊಂಡು, ಹೋರಾಡಿ, 2014ರಲ್ಲಿ ಕಸದ ಲಾರಿಗಳನ್ನು ನಿಲ್ಲಿಸಬೇಕಾಯಿತು. ಗಾಳಿಯಾಡದ ಗುಡ್ಡದಲ್ಲಿ ಎಲೆ, ಕಾಗದ, ಊಟದ ಉಳಿಕೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಅಂದರೆ ಕರಗುವ ವಸ್ತುವಾದರೂ ತಪ್ಪು ಜಾಗಕ್ಕೆ ಬಿದ್ದರೆ ಹಾನಿಯೇ.

ನಿಮ್ಮ ಮಡಕೆಯಲ್ಲಿ ನಿಜವಾಗಿ ಕರಗುವುದು ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ. ಹಾಳೆ ಗಟ್ಟಿ, ತಿಂಗಳುಗಟ್ಟಲೆ ಬೇಕು. ನೆನೆಸಿ ಸಣ್ಣಗೆ ಹರಿದು ಹಾಕಿ. ಆದರೆ ಮಿರಿಮಿರಿ ಹೊಳೆಯುವ ಕಾಗದದ ತಟ್ಟೆ ಬೇಡ, ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ.

ಈಗಿರುವ ಕವರನ್ನು ಚೂರು ಚೂರಾಗುವ ಮೊದಲೇ ಮಡಕೆಯಿಂದ ತೆಗೆದುಬಿಡಿ. ಅದರ ಮೇಲೆ ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ ಇದೆಯಾ ನೋಡಿ. ಈ ವಿವರ ಕೊಡಲೇಬೇಕು ಅಂತ ನಿಯಮ ಇದೆ. ಇದ್ದರೆ, ಹತ್ತಿರದ ಗೊಬ್ಬರ ಘಟಕದವರು ತೆಗೆದುಕೊಳ್ಳುತ್ತಾರಾ ಅಂತ ಒಮ್ಮೆ ಕೇಳಿ. ಮುಂದಿನ ಸಲ ತರಕಾರಿಗೆ ಹೋಗುವಾಗ ಬಟ್ಟೆ ಚೀಲ ಹಿಡಿದುಕೊಂಡು ಹೋಗಿ.