ವಾಡೆಯ ಗೋಡೆಗೆ ಸಿಮೆಂಟ್ ಮೆತ್ತಬೇಡಿ

ಯುಗಾದಿ ಹತ್ತಿರ ಬಂತೆಂದರೆ ನನಗೆ ಒಂದೇ ಥರದ ಫೋನ್ ಬರುತ್ತದೆ. "ಸರ್, ನಮ್ಮದು ದೇಸಾಯರ ವಾಡೆ. ಗೋಡೆ ಉದುರುತ್ತಿದೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಒಮ್ಮೆಲೇ ಮುಗಿಸಿಬಿಡೋಣ ಅಂತ." ವಾಡೆ ಅಂದರೆ ಇಂಥ ಮನೆತನಗಳ ಹಳೆಯ ದೊಡ್ಡ ಮನೆ. ಹಳೆಯ ಮನೆಗಳ ದುರಸ್ತಿ ನನ್ನ ಕೆಲಸ. ಬೇಡ ಅಂತ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಹೇಳುತ್ತೇನೆ.

ಆ "ಒಮ್ಮೆಲೇ" ಅನ್ನುವುದರಲ್ಲೇ ತಪ್ಪಿದೆ. ವಾಡೆ ಕಟ್ಟಿದವರು ಹಾಗೆ ಯೋಚಿಸಿರಲಿಲ್ಲ. ದೇಸಾಯಿ, ದೇಶಪಾಂಡೆ ಈಗ ಅಡ್ಡಹೆಸರು, ಆಗ ಹುದ್ದೆ. ಪರಗಣೆಯ, ಅಂದರೆ ಹಲವು ಹಳ್ಳಿಗಳ ಗುಂಪಿನ, ಕಂದಾಯ ವಸೂಲಿ ದೇಸಾಯರದು, ಲೆಕ್ಕಪತ್ರ ದೇಶಪಾಂಡೆಯವರದು. ಬಿಜಾಪುರದ ಆದಿಲಶಾಹಿ ಹೋಗಿ ಮೊಘಲರು, ಮರಾಠರು ಬಂದರೂ ಎಷ್ಟೋ ಮನೆತನಗಳು ಹೊಸ ಸನದು (ಅಧಿಕಾರ ಪತ್ರ) ಪಡೆದು ಮುಂದುವರಿದವು. ಕಿತ್ತೂರಿನ ಮಲ್ಲಸರ್ಜನದೂ ದೇಸಾಯರ ಮನೆತನವೇ. ಶಿರಸಂಗಿಯ ಲಿಂಗರಾಜ ದೇಸಾಯರಂತೂ (1861-1906) ದೇಸಗತಿಯ (ದೇಸಾಯಿ ಮನೆತನದ) ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ಅವರ ಹೆಸರು ಹೇಳುವಾಗ ಇವತ್ತಿಗೂ ನನಗೆ ಎದೆ ತುಂಬುತ್ತದೆ.

ಹುದ್ದೆಯ ಜೊತೆ ವತನ ಭೂಮಿ, ಅಂದರೆ ಸೇವೆಗೆ ಪ್ರತಿಯಾಗಿ ಮನೆತನಕ್ಕೆ ಕೊಟ್ಟ ಜಮೀನು, ಬರುತ್ತಿತ್ತು. ವಾಡೆಯನ್ನು ನಿಲ್ಲಿಸಿದ್ದು ಆ ಭೂಮಿಯ ಆದಾಯ. ಮುಂಗಾರಿಗೆ ಮುಂಚೆ ಆಳುಗಳು ಬಂದು ಮಾಳಿಗೆಗೆ, ಅಂದರೆ ಮಣ್ಣಿನ ಸಪಾಟು ಛಾವಣಿಗೆ, ಕರಲು (ಚೌಳು) ಮಣ್ಣು ಹೊದಿಸಿ, ಗೋಡೆ ಮೆತ್ತಿ, ಸುಣ್ಣ ಬಳಿಯುತ್ತಿದ್ದರು. ವರ್ಷಾ ವರ್ಷ ಇದೇ ಕೆಲಸ.

1950ರಲ್ಲಿ ಮುಂಬಯಿ ಸರ್ಕಾರ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡುವ ಕಾಯ್ದೆ ತಂದಿತು. ಬೆಳಗಾವಿ, ಧಾರವಾಡ, ವಿಜಯಪುರ ಆಗ ಆ ರಾಜ್ಯದಲ್ಲಿದ್ದವು. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನೂ ಉಳುವವರಿಗೆ ಹೋಯಿತು. ಆಗಬೇಕಾದದ್ದೇ ಆಯಿತು ಅನ್ನುವವನು ನಾನು. ಆದರೆ ಗೋಡೆಗೆ ವರ್ಷಕ್ಕೊಮ್ಮೆಯ ಆರೈಕೆ ಈಗಲೂ ಬೇಕು. ಅದು ತಪ್ಪಿದ ಕಡೆ ಸಿಮೆಂಟ್ ಬಂದು ಕೂತಿತು.

ಗೋಡೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊರಗೆ ಕಲ್ಲು ಕಂಡರೂ ಮೂರು ನಾಲ್ಕು ಅಡಿ ದಪ್ಪದ ಆ ಗೋಡೆಯ ಹೊಟ್ಟೆಯಲ್ಲಿರುವುದು ಹೆಚ್ಚಾಗಿ ಮಣ್ಣು. ನೆಲದ ತೇವ ಅದರೊಳಗೆ ಏರುತ್ತದೆ. ಅದನ್ನು ತಡೆಯಲು ಕೆಳಗೆ ಏನೂ ಇಲ್ಲ, ಬೇಕಾಗಿಯೂ ಇರಲಿಲ್ಲ. ಮೇಲಿನ ಮಣ್ಣು, ಗಚ್ಚು (ಸುಣ್ಣದ ಗಾರೆ), ಸುಣ್ಣ ಮೂರೂ ಆ ತೇವವನ್ನು ಆರಲು ಬಿಡುತ್ತವೆ. ಸಿಮೆಂಟ್ ಬಿಡುವುದಿಲ್ಲ. ದಾರಿ ಸಿಗದ ತೇವ ಒಳಗೇ ಮೇಲೆ ಮೇಲೆ ಹತ್ತುತ್ತದೆ. ಮಣ್ಣು ಮೆತ್ತಗಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ನೀಟಾಗಿಯೇ ಇರುತ್ತದೆ, ಅದೇ ಅಪಾಯ. ಸಿಮೆಂಟ್ ಮಳೆ ನೀರನ್ನು ತಡೆಯುತ್ತದಲ್ವಾ ಅಂತ ಕೇಳುತ್ತಾರೆ. ಬಿರುಕು ಬಿಡುವವರೆಗೆ ತಡೆಯುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಆಮೇಲೆ ಹೊರಗೆ ಬರುವುದು ಹೇಗೆ?

ಬೆಳಗಾವಿ ಜಿಲ್ಲೆಯ ಒಂದು ವಾಡೆಗೆ ಹೋಗಿದ್ದೆ. ಮಕ್ಕಳೆಲ್ಲ ಪುಣೆ, ಬೆಂಗಳೂರಲ್ಲಿ. ಮನೆ ನೋಡಿಕೊಳ್ಳುವುದು ಅಜ್ಜಿ ಒಬ್ಬರೇ. ಮಕ್ಕಳು ಪ್ರೀತಿಯಿಂದಲೇ ಪಡಸಾಲೆ ಪಕ್ಕದ ಖೋಲಿಗೆ (ಕೋಣೆಗೆ) ಸಿಮೆಂಟ್ ಹಾಕಿಸಿದ್ದರು. ಅಜ್ಜಿ ನನಗೆ ಹೇಳಿದ ಮೊದಲ ಮಾತು: "ಈ ಖೋಲಿಯೊಳಗ ಹಪ್ಪಳ ಮೆತ್ತಗಾಗಾಕ ಹತ್ತ್ಯಾವ ನೋಡು." ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ. ಸೊಂಟದ ಎತ್ತರದವರೆಗೂ ಟೊಳ್ಳು ಸದ್ದು. ಉಳಿ ಹಾಕಿ ಎಬ್ಬಿಸಿದರೆ ಪ್ಲಾಸ್ಟರ್ ರೊಟ್ಟಿಯ ಹಾಗೆ ಇಡಿಯಾಗಿ ಕಿತ್ತು ಬಂತು. ಹಿಂದಿನ ಮಣ್ಣು ಹಿಡಿದರೆ ಉಂಡೆ ಕಟ್ಟುವಷ್ಟು ಹಸಿ. ಅದೂ ಏಪ್ರಿಲ್ ಬಿಸಿಲಿನಲ್ಲಿ.

ಎಲ್ಲ ವಾಡೆಯೂ ಹೀಗೇ ಅಂತ ಕಣ್ಣಾರೆ ನೋಡದೆ ಹೇಳಲಾರೆ. ಸಿಮೆಂಟ್ ಹಾಕಿಬಿಟ್ಟಿದ್ದರೆ ಗಾಬರಿಯಿಂದ ಸುಮ್ನೆ ಕೆಡವಲು ಹೋಗಬೇಡಿ. ಕೆಲವು ಗೋಡೆಗಳಿಗೆ ಮೊದಲು ಆಸರೆ ಕೊಡಬೇಕಾಗುತ್ತದೆ, ತಿಳಿದವರನ್ನು ಕರೆಸಿ. ನೀವೇ ಮಾಡಬಹುದಾದದ್ದು ಇಷ್ಟು: ಗೋಡೆ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಬಿಡಿಸಿ, ಮಾಳಿಗೆಯ ನೀರು ಹೊರಹೋಗುವ ದೋಣಿಯಲ್ಲಿ ಕಟ್ಟಿಕೊಂಡ ಕಸ ತೆಗೆಯಿರಿ.

ಅಜ್ಜಿಯ ಖೋಲಿಯ ಸಿಮೆಂಟ್ ತೆಗೆದು ಗೋಡೆಯನ್ನು ಒಂದಿಡೀ ಬೇಸಿಗೆ ಹಾಗೇ ಬಿಟ್ಟೆವು. ಬಂದವರೆಲ್ಲ ಇದೇನು ಹೀಗೆ ಅಂತ ಕೇಳಿದರಂತೆ. ಮುಂದಿನ ವರ್ಷ ಮಣ್ಣು ಮೆತ್ತಿ, ಮೇಲೆ ಗಚ್ಚು ಹಾಕಿ, ಸುಣ್ಣ ಬಳಿಸಿದೆವು. ಮಳೆಗಾಲ ಮುಗಿದ ಮೇಲೆ ನೋಡಲು ಹೋದಾಗ ಹಪ್ಪಳದ ಡಬ್ಬಿಗಳು ಮತ್ತೆ ಅದೇ ಖೋಲಿಯಲ್ಲಿದ್ದವು.